ಗಾಜಿನ ಮೇಲಿನ ಕುಂಕುಮ

ಶಾಲು, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಮಾನಪತ್ರ, ಈ ಮೂರನ್ನು ಒಟ್ಟಿಗೆ ಕಂಡರೆ ನಾನು ಈಗ ಎದ್ದು ಹೊರಗೆ ನಡೆಯುತ್ತೇನೆ. ಹೊನ್ನಾವರದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುವವಳು. ಹಾಗೆಂದು ಸಂಬಳದ ಚೀಟಿ ಹೇಳುತ್ತದೆ. ನಿಜವಾಗಿ ನನ್ನಿಂದ ಮಾಡಿಸುವ ಕೆಲಸವೇ ಬೇರೆ. ಸಭೆಯ ನಿರೂಪಣೆ ನನ್ನದು, ವಂದನಾರ್ಪಣೆ ನನ್ನದು, ಯಾರಿಗೆ ಸನ್ಮಾನವಾದರೂ ಅವರನ್ನು ಪ್ರತಿಭೆಯ ಖನಿ, ಸೌಜನ್ಯದ ಸಾಕಾರಮೂರ್ತಿ ಎಂದು ಬಣ್ಣಿಸಿ ಮಾನಪತ್ರ ಹೊಸೆಯುವ ಹಣೆಬರಹವೂ ನನ್ನದೇ. ಖನಿ, ಮೂರ್ತಿ ಎಂದು ನಾನು ಬರೆದುಕೊಟ್ಟ ಅರ್ಧ ಜನರಿಗೆ ಕಾಲೇಜಿನ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ರೂಪಾಳ ಸನ್ಮಾನ ಮುಗಿದ ಮೇಲೆ ಆ ಕೆಲಸವನ್ನು ಬಿಟ್ಟುಬಿಟ್ಟೆ. ಯಾಕೆ ಎಂದು ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ರೂಪಾ ಕಾಯ್ಕಿಣಿಯ ಬೊಮ್ಮ ಗೌಡರ ಮಗಳು. ಅವರದು ಸ್ವಲ್ಪ ಗದ್ದೆ, ಅದರಾಚೆ ತರಕಾರಿ. ತಾಯಿ ಸುಬ್ಬಿ ಬೆಳಿಗ್ಗೆ ಬಸಳೆ, ಹೀರೆ, ಬದನೆ ಬುಟ್ಟಿಗೆ ತುಂಬಿ ಮುರ್ಡೇಶ್ವರಕ್ಕೆ ಹೊತ್ತು ಮಾರಿ ಮಗಳನ್ನು ಭೌತಶಾಸ್ತ್ರದ ಎಂಎಸ್ಸಿ ತನಕ ಓದಿಸಿದವಳು. ಆ ತಾಯಿಗೆ ಗದ್ದೆ ನಟ್ಟಿಯ ಹಾಡು ರಾತ್ರಿ ಬೆಳಗಾಗುವಷ್ಟು ಬರುತ್ತದೆ, ಮಗಳಿಗೆ ಒಂದೂ ಬರುವುದಿಲ್ಲ. ಕೇಳಿದರೆ, ನನ್ನ ಗಂಟಲು ಅಪ್ಪಯ್ಯನದ್ದು ಎನ್ನುತ್ತಿದ್ದಳು. ಗಂಡ ಲೋಕೇಶ ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾನೆ. ಅವಳು ನಮ್ಮ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದು ಆರು ವರ್ಷವಾಗಿತ್ತು. ಅತಿಥಿ ಎಂಬ ಶಬ್ದಕ್ಕೆ ಇದಕ್ಕಿಂತ ಹೆಚ್ಚಿನ ಅಪಚಾರ ಬೇರೆ ಇಲ್ಲ. ಜೂನ್‌ನಲ್ಲಿ ಕರೆಯುತ್ತಾರೆ, ಬೇಸಿಗೆ ರಜೆ ಬಂದಕೂಡಲೆ ಹೊರಗೆ ಹಾಕುತ್ತಾರೆ, ಮತ್ತೆ ಜೂನ್‌ನಲ್ಲಿ ಮೊದಲಿನಿಂದ ಅರ್ಜಿ ಬರೆಸುತ್ತಾರೆ. ಆದರೆ ರೂಪಾಳಿಗೆ ಆಡಳಿತ ಮಂಡಳಿ ಒಂದು ಮಾತು ಕೊಟ್ಟಿತ್ತು. ಪಿಎಚ್‌ಡಿ ಮುಗಿಸಿದರೆ ಖಾಯಂ ಹುದ್ದೆ ಅವಳಿಗೇ. ಅವಳ ಆರು ವರ್ಷದ ಸಹನೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮಂಗಳ ಗ್ರಹದ ನೆಲಕ್ಕೆ ಬಿಸಿಲು ಹೇಗೆ ಮತ್ತು ಎಷ್ಟು ಮುಟ್ಟುತ್ತದೆ ಎಂಬುದು ಅವಳ ಸಂಶೋಧನೆ. ಸ್ಟಾಫ್ ರೂಮಿನಲ್ಲಿ ಅವಳ ಕುರ್ಚಿ ನನ್ನ ಪಕ್ಕದಲ್ಲೇ ಇದ್ದುದರಿಂದ ನನಗೂ ಒಂದಿಷ್ಟು ತಲೆಗೆ ಹತ್ತಿತ್ತು. ಅಲ್ಲಿ ಗಾಳಿ ತೀರಾ ತೆಳು, ಧೂಳು ಮಾತ್ರ ವಿಪರೀತ. ಬಿಸಿಲು ಆ ಧೂಳಿನಲ್ಲಿ ಇಳಿಯುವಾಗ ಒಂದಿಷ್ಟನ್ನು ಧೂಳು ನುಂಗುತ್ತದೆ, ಇನ್ನೊಂದಿಷ್ಟನ್ನು ಆಚೀಚೆ ಚೆದುರಿಸುತ್ತದೆ. ನೇರವಾಗಿ ಬರುವ ಬಿಸಿಲು ಕಡಿಮೆಯಾದರೂ ಚೆದುರಿದ ಬೆಳಕು ಆಕಾಶದ ಎಲ್ಲ ಮೂಲೆಗಳಿಂದ ಬಂದು ನೆಲ ಸೇರುತ್ತದೆ. ಧೂಳಿನಲ್ಲಿ ಕಬ್ಬಿಣದ ತುಕ್ಕಿನ ಅಂಶ ಇರುವುದರಿಂದ ನೀಲಿ ಬೆಳಕು ಹೆಚ್ಚು ಸಾಯುತ್ತದೆ, ಕೆಂಪು ಹೆಚ್ಚು ಉಳಿಯುತ್ತದೆ. ಸೂರ್ಯ ಎಷ್ಟು ಎತ್ತರದಲ್ಲಿದ್ದಾಗ, ಎಷ್ಟು ಧೂಳಿದ್ದಾಗ, ಯಾವ ಬಣ್ಣದ ಬೆಳಕು ಎಷ್ಟು ಕೆಳಗೆ ಬರುತ್ತದೆ? ಗಾಳಿಯನ್ನು ಕಂಪ್ಯೂಟರಿನಲ್ಲಿ ಪದರ ಪದರ ಮಾಡಿ ಇದನ್ನು ಲೆಕ್ಕ ಹಾಕುವ ಒಂದು ಮಾದರಿಯನ್ನು ಅವಳೇ ಕುಳಿತು ಕಟ್ಟಿದ್ದಳು.

ಮಾದರಿ ಸರಿಯಿದೆಯೋ ಇಲ್ಲವೋ ಎಂದು ನೋಡಲು ಮಂಗಳಕ್ಕೆ ಹೋಗಲಾಗುವುದಿಲ್ಲ. ಆದರೆ ನಮ್ಮ ಊರಿತ್ತು. ಭಟ್ಕಳದಿಂದ ಕುಮಟೆಯ ತನಕ ಹೆದ್ದಾರಿ ಅಗಲ ಮಾಡುತ್ತೇವೆಂದು ಗುಡ್ಡಗಳ ಹೊಟ್ಟೆ ಬಗೆದು ಎಷ್ಟೋ ವರ್ಷದಿಂದ ನಮಗೆ ಕೆಮ್ಮಣ್ಣಿನ ಧೂಳು ಕುಡಿಸುತ್ತಿದ್ದಾರೆ. ನಾನು ದಿನಾ ಕುಮಟೆಯಿಂದ ಬಸ್ಸಿನಲ್ಲಿ ಬರುವವಳು, ಉಗುಳಿದರೆ ಕೆಂಪು. ಆ ಧೂಳಿನಿಂದ ಲಾಭ ಕಂಡ ಒಬ್ಬಳೇ ಒಬ್ಬಳು ರೂಪಾ. ನಮ್ಮ ಮಣ್ಣಿನಲ್ಲೂ ಅದೇ ಕಬ್ಬಿಣದ ತುಕ್ಕು ಇದೆಯಂತೆ. ಇಲ್ಲಿಯ ಗಾಳಿಗೆ ಅವಳ ಮಾದರಿ ಹೇಳುವ ಲೆಕ್ಕವೂ ಅಳೆದು ನೋಡಿದ ಬೆಳಕೂ ತಾಳೆಯಾದರೆ, ಅದೇ ಮಾದರಿಯನ್ನು ಮಂಗಳಕ್ಕೆ ಧೈರ್ಯವಾಗಿ ಹೊಂದಿಸಬಹುದು. ಅದಕ್ಕಾಗಿ ಕಾಲೇಜಿನ ತಾರಸಿಯಲ್ಲಿ, ನೀರಿನ ಟಾಕಿಯ ಮೇಲೆ ಎರಡು ಉಪಕರಣ ಕೂರಿಸಿದ್ದಳು. ನೀಲಿ ಬೆಳಕಿಗೆ ಒಂದು, ಕೆಂಪಿಗೆ ಒಂದು. ಅಂಗೈಯಗಲದ ತಟ್ಟೆ, ಮೇಲೆ ಅರ್ಧ ಚೆಂಡಿನಂಥ ಗಾಜು. ವಯರು ಕೆಳಗಿಳಿದು ಪ್ರಯೋಗಾಲಯದ ಕಂಪ್ಯೂಟರಿಗೆ ಸೇರುತ್ತಿತ್ತು. ಆ ಗಾಜನ್ನು ಸೋಮವಾರ ಸೋಮವಾರ ಮೆತ್ತಗಿನ ಬಟ್ಟೆಯಲ್ಲಿ ಒರೆಸುವುದು ಅಟೆಂಡರ್ ಶನಿಯಾರನ ಕೆಲಸ.

ಅವಳ ಗೈಡ್, ನಮ್ಮ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ, ಮಧುಸೂದನ ಸರ್. ಈ ಮನುಷ್ಯನನ್ನು ಹೇಗೆ ವರ್ಣಿಸಲಿ? ಅವರ ಬಗ್ಗೆ ಎರಡು ಸಲ ಮಾನಪತ್ರ ಬರೆದವಳು ನಾನೇ, ಆ ಶಬ್ದಗಳೆಲ್ಲ ಈಗ ಹಳಸಿದ ಅನ್ನದ ಹಾಗೆ ನಾರುತ್ತವೆ. ಆರು ವರ್ಷದಲ್ಲಿ ಅವರು ಟಾಕಿಯ ಏಣಿ ಹತ್ತಿದ್ದು ಒಂದೇ ಸಲ. ಅದು ಆಯುಧಪೂಜೆಯ ದಿನ.

ರೂಪಾ ಆಗ ಬಾಣಂತಿ, ಕಾಯ್ಕಿಣಿಯಲ್ಲಿದ್ದಳು. ಪೂಜೆಗೆ ನಾವೆಲ್ಲ ಸೇರಿದ್ದೆವು. ಮಧುಸೂದನ ಸರ್ ರೇಷ್ಮೆ ಮಡಿಯುಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಪ್ರಯೋಗಾಲಯದ ತಕ್ಕಡಿ, ಮಸೂರ, ಲೋಲಕ, ಕಂಪ್ಯೂಟರ್ ಯಾವುದನ್ನೂ ಬಿಡದೆ ಬೊಟ್ಟಿಡುತ್ತ ಹೋದರು. ಕಡೆಗೆ, ಮಂಗಳನ ಯಂತ್ರ ಮೇಲಿದೆಯಲ್ಲ ಎಂದು ನೆನಪು ಮಾಡಿಕೊಂಡು ಏಣಿ ಹತ್ತಿದರು. ನಾನು ತಾರಸಿಯಲ್ಲಿ ಪಂಚಕಜ್ಜಾಯದ ತಟ್ಟೆ ಹಿಡಿದು ನಿಂತಿದ್ದೆ. ಎರಡೂ ಗಾಜಿನ ನೆತ್ತಿಗೆ ಹೆಬ್ಬೆರಳಗಲ ಕುಂಕುಮ ಮೆತ್ತಿ, ಮೇಲೊಂದು ಸೇವಂತಿಗೆ ಇಟ್ಟು, ಶನಿಯಾರನ ಕೈಯಲ್ಲಿ ಫೋಟೋ ತೆಗೆಸಿಕೊಂಡು ಇಳಿದರು. ಎಣ್ಣೆ ಕುಂಕುಮವಾದರೆ ಜಾಸ್ತಿ ದಿನ ನಿಲ್ಲುತ್ತದೆ ಎಂದು ನನಗೆ ಬೇರೆ ವಿವರಿಸಿದರು.

ಮುಂದಿನ ಸೋಮವಾರ ಶನಿಯಾರ ಬಟ್ಟೆ ಹಿಡಿದು ಹತ್ತಿದವನು ಹಾಗೇ ಇಳಿದು ಬಂದ. ಕುಂಕುಮ ಒರೆಸುವುದು ಎಂಬ ಮಾತನ್ನೇ ನಮ್ಮಲ್ಲಿ ಯಾರೂ ಬಾಯಿಗೆ ತರುವುದಿಲ್ಲ, ಅದರ ಅರ್ಥ ಬೇರೆ. ಅವನು ಸರ್ ಹತ್ತಿರ ಹೋಗಿ ಕೇಳಿದ್ದಾನೆ. ಅವರು, ಪೂಜೆಯ ಕುಂಕುಮ ಮುಟ್ಟಬೇಡ, ತಾನಾಗಿ ಹೋಗುವಷ್ಟು ದಿನ ಇರಲಿ ಎಂದಿದ್ದಾರೆ. ಶನಿಯಾರ ಆಮೇಲೆ ಹತ್ತಲೇ ಇಲ್ಲ. ಬಿಸಿಲಿಗೆ ಎಣ್ಣೆ ಕರಗಿ, ಇಬ್ಬನಿಗೆ ಜಾರಿ, ಕುಂಕುಮ ಗಾಜಿನ ತುಂಬ ತೆಳ್ಳಗೆ ಹರಡಿಕೊಂಡಿತು.

ಆ ಹೊತ್ತಿಗೆ ರೂಪಾ ಕಾಯ್ಕಿಣಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಸರ್ ಕಳಿಸಿದ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಕೂರಿಸುತ್ತಿದ್ದಳು. ಮಳೆಗಾಲದ ಮುಂಚೆ ಅವಳ ಲೆಕ್ಕಕ್ಕೂ ಅಳತೆಗೂ ಅಷ್ಟಕ್ಕಷ್ಟೇ ತಾಳೆಯಾಗುತ್ತಿತ್ತು. ನವರಾತ್ರಿಯಿಂದೀಚೆಗೆ ಪವಾಡ ನಡೆದಂತಾಯಿತು. ಕೆಂಪು ಹಾಗೇ ಇದ್ದು ನೀಲಿ ಬಿದ್ದುಹೋಯಿತು, ಮಾದರಿಯಲ್ಲಿ ಮಂಗಳದಂಥ ತುಕ್ಕಿನ ಧೂಳು ಹಾಕಿದರೆ ಎಷ್ಟು ಬೀಳಬೇಕೋ ಅಷ್ಟೇ. ಅವಳಿಗೆ ಖುಷಿಯೂ ಆಯಿತು, ಅನುಮಾನವೂ ಬಂತು. ಮಳೆ ಈಗಷ್ಟೇ ಗಾಳಿಯನ್ನು ತೊಳೆದಿದೆ, ಇಷ್ಟು ಧೂಳು ಎಲ್ಲಿಂದ ಬಂತು? ಸರ್‌ಗೆ ಫೋನ್ ಮಾಡಿ, ಗಾಜು ಒರೆಸುತ್ತಿದ್ದಾರಾ ಎಂದು ಕೇಳಿದಳು. ದಿನಾ ಒರೆಸುತ್ತಾರೆ, ರಸ್ತೆ ಕೆಲಸ ಮತ್ತೆ ಶುರುವಾಗಿದೆ, ನೀನು ಬರೆಯುತ್ತ ಹೋಗು ಎಂದರು. ಗೈಡ್ ಹಾಗೆಂದ ಮೇಲೆ ಅವಳು ಬರೆದಳು. ಮೊದಲ ಹೆಸರು ಮಧುಸೂದನ ಸರ್ ಅವರದು, ಎರಡನೆಯದು ಇವಳದು. ಹೊರದೇಶದ ಒಂದು ಪತ್ರಿಕೆ ಲೇಖನವನ್ನು ಒಪ್ಪಿಕೊಂಡಿತು. ಅದೇ ಲೇಖನ ಅವಳ ಪ್ರಬಂಧದ ಬೆನ್ನೆಲುಬು.

ಇನ್ನೇನು, ಕಾಲೇಜಿಗೆ ಸನ್ನಿ ಹಿಡಿಯಿತು. ಹೊನ್ನಾವರದ ಬೆಳಕು ಮಂಗಳಕ್ಕೆ ಎಂದು ಸ್ಥಳೀಯ ಪತ್ರಿಕೆಯಲ್ಲಿ ಬಂತು, ಯಾರ ಬೆಳಕು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಆಡಳಿತ ಮಂಡಳಿಯ ಅಧ್ಯಕ್ಷರು ಗೇರುಬೀಜದ ಕಾರ್ಖಾನೆಯ ಯಜಮಾನರು, ಸನ್ಮಾನ ಮಾಡದೆ ಅವರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಮಾರ್ಚ್‌ನಲ್ಲಿ ಸಮಾರಂಭ ಎಂದು ಗೊತ್ತಾಯಿತು. ಗುರು ಶಿಷ್ಯೆ ಇಬ್ಬರಿಗೂ ಎರಡು ಮಾನಪತ್ರ ಬರೆಯಿರಿ ಎಂದು ನನಗೆ ಅಪ್ಪಣೆಯಾಯಿತು.

ಸಮಾರಂಭಕ್ಕೆ ಒಂದು ವಾರ ಮುಂಚೆ ರೂಪಾ ಕೆಲಸಕ್ಕೆ ಮರಳಿದಳು. ಬಂದವಳೇ ಟಾಕಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಸ್ಟಾಫ್ ರೂಮಿಗೆ ಬಂದು ಒಂದು ಬಟ್ಟೆಯ ತುಂಡನ್ನು ನನ್ನ ಮೇಜಿನ ಮೇಲೆ ಇಟ್ಟಳು. ಮಗುವಿನ ಹಳೆಯ ಲಂಗೋಟಿಯ ಬಿಳಿ ಬಟ್ಟೆ. ಅದರ ತುಂಬ ಕೆಂಪು ಜಿಡ್ಡು.

“ಎಂತ ಇದು?” ಎಂದೆ.

“ಕುಂಕುಮ ಮೇಡಂ. ಒರೆಸಿದ್ಮೇಲೆ ನೀಲಿ ಅಂಕಿ ಒಂದೇ ಸಲ ಮೇಲೆ ಹೋತು. ಇಷ್ಟು ದಿನ ನಾ ಲೆಕ್ಕ ಹಾಕಿದ್ದು ಮಂಗಳದ ಧೂಳಲ್ಲ, ಇದನ್ನ.”

ನಾನು ಆಯುಧಪೂಜೆಯ ದಿನ ಕಂಡದ್ದನ್ನು ಹೇಳಿದೆ. ಅವಳು ಆ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಅಂದಳು, “ಪೂಜೆ ಮಾಡ್ಲಿ, ಬೇಡ ಅಂದವ್ರ್ಯಾರು? ನಮ್ಮನೆಲೂ ನೇಗಿಲಿಗೆ ಮಾಡ್ತ್ರು. ಆದ್ರೆ ಮರುದಿನ ಉಳೂಕೆ ಹೋಗುವಾಗ ಹೂ ತೆಗ್ದಿಟ್ಟೇ ಹೋತ್ರು.”

ಅವಳು ನೇರ ಮಧುಸೂದನ ಸರ್ ಹತ್ತಿರ ಹೋದಳು. ಲೇಖನ ಹಿಂದೆ ತೆಗೆದುಕೊಳ್ಳಬೇಕು, ಇನ್ನೊಂದು ಒಣ ಹಂಗಾಮು ಪೂರ್ತಿ ಹೊಸದಾಗಿ ಅಳೆಯಬೇಕು, ಪ್ರಬಂಧ ಒಂದು ವರ್ಷ ತಡವಾಗಲಿ ಎಂದಳು. ಅವರು ಮೊದಲು ನಕ್ಕರಂತೆ. ಹೆಚ್ಚುಕಡಿಮೆ ಎಲ್ಲರ ಅಳತೆಯಲ್ಲೂ ಇರುತ್ತದೆ ಎಂದರಂತೆ. ಇವಳು ಬಗ್ಗದಿದ್ದಾಗ, ಈ ವರ್ಷವೇ ಖಾಯಂ ಹುದ್ದೆಯ ಸಂದರ್ಶನ, ಪ್ರಬಂಧ ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದರಂತೆ. ಅದಕ್ಕೂ ಬಗ್ಗದಿದ್ದಾಗ ಕೊನೆಯ ಕತ್ತಿ ಎಳೆದರು. “ಗಾಜು ಒರೆಸದೆ ಇದ್ದವ ಶನಿಯಾರ. ನೀನು ಬಾಯಿ ಬಿಟ್ಟರೆ ಮೊದಲು ಕೆಲಸ ಹೋಗುವುದು ಅವನದು. ಯೋಚನೆ ಮಾಡು.”

ಒರೆಸಬೇಡ ಎಂದವರು ಇವರು, ಮೆತ್ತಿದವರು ಇವರು. ತಪ್ಪು ಮಾತ್ರ, ಎದುರು ನಿಂತು ಎರಡು ಮಾತು ಆಡಲಾರದ ಶನಿಯಾರನ ತಲೆಗೆ. ಕೇಳಿ ನನ್ನ ಮೈಯೆಲ್ಲ ಉರಿಯಿತು. ಹುಳ ಬಿದ್ದ ಮನಸ್ಸು ಎನ್ನುತ್ತಾರಲ್ಲ, ಇದೇ.

ಮರುದಿನ ಅವರು ನನ್ನನ್ನೂ ಒಳಗೆ ಕರೆದು ಬಾಗಿಲು ಮುಚ್ಚಿದರು. ಕಾಲೇಜಿನಲ್ಲಿ ನನ್ನ ಹತ್ತಿರ ಯಾವಾಗಲೂ ಪುಸ್ತಕದ ಭಾಷೆ ಆಡುವವರು ಆವತ್ತು ತಟ್ಟನೆ ಮನೆಮಾತಿಗೆ ಇಳಿದರು. ಅವರದೂ ನನ್ನದೂ ಒಂದೇ ಮನೆಮಾತು.

“ನೋಡು, ಆ ಕೂಸಿಗೆ, ರೂಪಾಗೆ, ಸ್ವಲ್ಪ ಬುದ್ಧಿ ಹೇಳು. ನೀ ಹೇಳಿದ್ರೆ ಕೇಳ್ತು ಅದು. ಎರಡು ಬೊಟ್ಟು ಕುಂಕುಮಕ್ಕೆ ಇಷ್ಟೆಲ್ಲ ಎಂತಕ್ಕೆ? ಹೊರಗೆ ಯಾರಿಗೂ ಗೊತ್ತಿಲ್ಲೆ, ಗೊತ್ತಪ್ಪದೂ ಇಲ್ಲೆ. ಸಮಾರಂಭದಲ್ಲಿ ಅದ್ರ ಹತ್ರ ಮಾತಾಡ್ಸದು ಬೇಡ.”

ನನ್ನ ಅಜ್ಜಿ ನನ್ನನ್ನು ಮಲಗಿಸುತ್ತಿದ್ದ ಮಾತು ಅದು. ಅದನ್ನು ಹೀಗೆ ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ, ನಾವು ನಾವು ಎನ್ನುವ ಹಾಗೆ ಬಳಸಿದ್ದು ಕೇಳಿ ನನಗೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸಿತು. “ಆಗ್ತಿಲ್ಲೆ” ಎಂದು ಅದೇ ಮಾತಿನಲ್ಲಿ ಹೇಳಿ ಬಾಗಿಲು ತೆಗೆದು ಬಂದೆ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಬೊಮ್ಮ ಗೌಡರು ಇಸ್ತ್ರಿ ಅಂಗಿ ಹಾಕಿಕೊಂಡು, ಕಾಲು ಎಲ್ಲಿಡುವುದು ತಿಳಿಯದೆ ಕುಳಿತಿದ್ದರು. ಪಕ್ಕದಲ್ಲಿ ಸುಬ್ಬಿ, ತೊಡೆಯ ಮೇಲೆ ಮೊಮ್ಮಗು. ರೂಪಾ ವೇದಿಕೆಯ ಪಕ್ಕದ ಕೋಣೆಯಲ್ಲಿ ನನ್ನ ಕೈ ಹಿಡಿದು, “ಮೇಡಂ, ನಂಗೆ ಎರಡು ನಿಮಿಷ ಕೊಡಿ. ಲೋಕೇಶನ ಹತ್ರ ಹೇಳಿದ್ದೆ. ಕೆಲಸ ಹೋದ್ರೆ ಹೋತು ಅಂದ” ಎಂದಳು. ನನಗೆ ಕೊಟ್ಟ ಕಾರ್ಯಕ್ರಮದ ಪಟ್ಟಿಯಲ್ಲಿ ಅವಳ ಮಾತು ಇರಲಿಲ್ಲ. ಮೈಕು ನನ್ನ ಕೈಯಲ್ಲಿತ್ತು, ಕರೆದೆ.

ಶಾಲು ಹೊದ್ದುಕೊಂಡೇ ಎದ್ದು ಬಂದಳು. ಮಾತು ಸ್ಪಷ್ಟವಾಗಿತ್ತು. ಈ ಸನ್ಮಾನ ಯಾವ ಫಲಿತಾಂಶಕ್ಕೆ ಆಗುತ್ತಿದೆಯೋ ಆ ಫಲಿತಾಂಶ ತಪ್ಪು ಎಂದಳು. ಆಯುಧಪೂಜೆಯ ಕುಂಕುಮ ಗಾಜಿನ ಮೇಲೆ ಉಳಿದು, ನೀಲಿ ಬೆಳಕನ್ನು ತಡೆದು ಕೆಂಪನ್ನು ಬಿಟ್ಟಿದೆ, ಆದ್ದರಿಂದ ಅಳತೆ ಮಂಗಳದ ಧೂಳಿನ ಹಾಗೆ ಕಂಡಿದೆ ಎಂದು ಮಕ್ಕಳಿಗೂ ತಿಳಿಯುವಂತೆ ಬಿಡಿಸಿ ಹೇಳಿದಳು. ಶನಿಯಾರಣ್ಣನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ, ಗಾಜನ್ನು ಕಣ್ಣಾರೆ ನೋಡದೆ ಅಂಕಿ ನಂಬಿದವಳು ನಾನು, ಲೇಖನವನ್ನು ಹಿಂದೆ ಪಡೆಯುತ್ತೇನೆ, ಕ್ಷಮಿಸಿ ಎಂದಳು. ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ. ಮಧುಸೂದನ ಸರ್ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಸದ್ಯ, ಒಂದು ಸತ್ಯ ಬಿತ್ತು ಈ ಕಟ್ಟಡದೊಳಗೆ ಎಂದು ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಅಧ್ಯಕ್ಷರು ಎದ್ದು ಮೈಕು ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರು.

“ಬಂಧುಗಳೇ, ಕೇಳಿದಿರಲ್ಲ. ನಮ್ಮ ಈ ತಂಗಿ ಎಷ್ಟು ದೊಡ್ಡ ವಿಷಯವನ್ನು ಎಷ್ಟು ವಿನಯದಿಂದ ಹೇಳಿದರು. ನಮ್ಮ ಕುಂಕುಮ ಬೆಳಕಿಗೆ ಏನು ಮಾಡುತ್ತದೆಯೋ, ಮಂಗಳ ಗ್ರಹದ ಧೂಳೂ ಅದನ್ನೇ ಮಾಡುತ್ತದೆ. ಎರಡೂ ಒಂದೇ ಎಂದಾಯಿತು. ಮಂಗಳ ದ್ರವ್ಯ ಎಂದು ನಮ್ಮ ಹಿರಿಯರು ಸುಮ್ಮನೆ ಕರೆದರಾ? ಇವತ್ತು ನಮ್ಮ ಕಾಲೇಜಿನ ಟಾಕಿಯ ಮೇಲೆ ಅದು ಸಿದ್ಧವಾಯಿತು.”

ಚಪ್ಪಾಳೆ ಬಿತ್ತು. ಮೊದಲು ಹಿಂದಿನ ಸಾಲಿನಿಂದ, ಆಮೇಲೆ ಇಡೀ ಸಭಾಂಗಣದಿಂದ. ಕೆಲವರು ಎದ್ದು ನಿಂತರು. ಹಾಗಲ್ಲ, ಹಾಗಲ್ಲ ಎಂದು ರೂಪಾ ಕೈ ಆಡಿಸುತ್ತಿದ್ದಳು. ಮೈಕು ಅವಳ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಇನ್ನೂ ಒಂದು ನೋಡುವುದು ಬಾಕಿಯಿತ್ತು. ಒಂದು ವಾರದಿಂದ ಶನಿಯಾರನ ಹಿಂದೆ ಅಡಗಿದ್ದ ಮಧುಸೂದನ ಸರ್ ಮೆಲ್ಲನೆ ಎದ್ದು, ಶಾಲು ಸರಿಮಾಡಿಕೊಂಡು, ಕೈಜೋಡಿಸಿ ಸಭೆಗೆ ತಲೆಬಾಗಿದರು. “ಆ ದಿನ ಕುಂಕುಮ ಹಚ್ಚುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು” ಎಂದರು. ಚಪ್ಪಾಳೆ ಇಮ್ಮಡಿಯಾಯಿತು. ಕೆಳಗೆ ಬೊಮ್ಮ ಗೌಡರೂ ಪಾಪ, ಮಗಳಿಗೆಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದರು. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ನಲ್ಲಿಯ ಹತ್ತಿರ ವಾಂತಿ ಮಾಡಿದೆ. ಇದು ಅಲಂಕಾರದ ಮಾತಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ರೂಪಾ ಭಟ್ಕಳದ ಬಸ್ಸಿಗೆ ಕಾಯುತ್ತಿದ್ದಳು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. “ಬೈದಿದ್ರೆ ತಡ್ಕಂತಿದ್ದೆ ಮೇಡಂ,” ಎಂದಳು. “ಹೊರಗೆ ಹಾಕಿದ್ರೂ ತಡ್ಕಂತಿದ್ದೆ. ಚಪ್ಪಾಳೆ ಹೊಡೆದ್ರು.” ಬಸ್ಸು ಬಂತು, ಹತ್ತಿದಳು.

ಲೇಖನವನ್ನು ಅವಳು ಅದೇ ವಾರ ಹಿಂದೆ ಪಡೆದಳು. ಮಧುಸೂದನ ಸರ್ ಅವಳ ಗೈಡ್ ಆಗಿರಲು ಒಲ್ಲೆನೆಂದರು. ಖಾಯಂ ಹುದ್ದೆ ಬೇರೆಯವರಿಗೆ ಹೋಯಿತು, ಜೂನ್‌ನಲ್ಲಿ ಅತಿಥಿಯಾಗಿಯೂ ಅವಳನ್ನು ಕರೆಯಲಿಲ್ಲ. ಶನಿಯಾರನ ಕೆಲಸ ಉಳಿಯಿತು, ಅಷ್ಟರ ಮಟ್ಟಿಗೆ ಅವಳ ಎರಡು ನಿಮಿಷ ದಂಡವಾಗಲಿಲ್ಲ. ಈಗ ಮುರ್ಡೇಶ್ವರದಲ್ಲಿ ಪಿಯು ಹುಡುಗರಿಗೆ ಟ್ಯೂಷನ್ ಹೇಳುತ್ತಾಳೆ. ಬೇರೆ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕಿ, ಅಳತೆ ಹೊಸದಾಗಿ ಮಾಡಿದರೆ ನಾನು ಗೈಡ್ ಆಗುತ್ತೇನೆ ಎಂದಿದ್ದಾರೆ. ಅಳೆಯುವುದಕ್ಕೆ ಉಪಕರಣ ಬೇಕಲ್ಲ. ಅವು ಕಾಲೇಜಿನವು.

ಮಳೆಗಾಲ ಮುಗಿದ ಮೇಲೆ ಅವಳು ಅಧ್ಯಕ್ಷರನ್ನು ಕಾಣಲು ಹೋದಳು. ಟಾಕಿಯ ಮೇಲೆ ಆ ಉಪಕರಣಗಳು ಇರಲಿಲ್ಲ. ಅಧ್ಯಕ್ಷರ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಗಾಜಿನ ಕಪಾಟಿನೊಳಗೆ ಎರಡನ್ನೂ ಕೆಂಪು ವೆಲ್ವೆಟ್ಟಿನ ಮೇಲೆ ಕೂರಿಸಿದ್ದರು. ಅವಳು ಒರೆಸಿದ ಜಾಗಕ್ಕೆ ಹೊಸ ಕುಂಕುಮ ಹಚ್ಚಿ, ಹೂವಿನ ಎಸಳು ಇಟ್ಟಿದ್ದರು. ಇವಳು ವಿಷಯ ಹೇಳಿದಳು. ಒಂದು ಬೇಸಿಗೆಯ ಮಟ್ಟಿಗೆ ಕೊಡಿ, ಕಾಯ್ಕಿಣಿಯಲ್ಲಿ ನಮ್ಮ ಮನೆಯ ಮೇಲೆ ಇಟ್ಟು ಅಳೆದು ಜೋಪಾನವಾಗಿ ತಂದುಕೊಡುತ್ತೇನೆ ಎಂದಳು. ಅಧ್ಯಕ್ಷರು ಒಳ್ಳೆಯ ಮನುಷ್ಯರು, ಬೈಯಲಿಲ್ಲ. ಚಹಾ ತರಿಸಿದರು. ಆಮೇಲೆ ಕಪಾಟಿನ ಕಡೆ ನೋಡಿ ಬಹಳ ಬೇಸರದಿಂದ ಹೇಳಿದರಂತೆ.

“ಪೂಜೆ ವಸ್ತು ಅಲ್ದಾ ತಂಗಿ, ಅದನ್ನ ಬಿಸಿಲಿಗೆ ಇಡೂದಾ?”

ನೀನು ಎಂತ ಹೇಳಿದೆ ಎಂದು ನಾನು ಕೇಳಿದೆ.

“ಎಂತ ಹೇಳೂದು ಮೇಡಂ,” ಎಂದಳು ರೂಪಾ. “ಕೈ ಮುಗ್ದು ಬಂದೆ.”